ಗಾಡಿ ಎತ್ತರಿಸಲೇ, ಬೇಡವೇ?

ಬೆಳ್ಳಿತೆರೆಯ ಮೇಲೆ ನಾಯಕನ ಜೀಪು ಹಳ್ಳ ಹಾರಿದಾಗಲೆಲ್ಲ ಗಂಗಾವತಿಯ ಟಾಕೀಸಿನಲ್ಲಿ ಶಿಳ್ಳೆ ಹೊಡೆದವನು ನಾನು. ಆ ಹುಚ್ಚೇ ಕಳೆದ ವರ್ಷ ನನ್ನಿಂದ ಥಾರ್ ಕೊಳ್ಳಿಸಿತು. ಸಾಲದೆಂಬಂತೆ ಹೊಸ ಆಸೆ: ಸಸ್ಪೆನ್ಷನ್ ಬದಲಿಸಿ ಎರಡಿಂಚು ಎತ್ತರಿಸಿದರೆ? ನಮ್ಮ ಹೊಲ ಯಲಬುರ್ಗಾ ಕಡೆಯ ಎರೆ ನೆಲ. ಮಳೆ ಬಿದ್ದರೆ ದಾರಿಯೆಲ್ಲ ಅಂಟು.

ಕೊಪ್ಪಳದ ಗ್ಯಾರೇಜಿನ ಮಿಸ್ತ್ರಿ ಕಾಕಾ ಗಾಡಿಯ ಕೆಳಗೆ ತೂರಿ ಹಿಂದಿನ ಆಕ್ಸಲ್ ತಟ್ಟಿ ತೋರಿಸಿದರು.

"ಸ್ಪ್ರಿಂಗ್ ಎತ್ತರ ಮಾಡಿದ್ರ ಬಾಡಿ ಅಷ್ಟ ಮ್ಯಾಲೇಳತೈತಿ ತಮ್ಮಾ. ಈ ಗುಂಡು ಇದ್ದಲ್ಲೇ ಇರತೈತಿ. ಎರ್ಯಾಗ ಸಿಗಬೀಳೂದು ಇದ! ಮ್ಯಾಲಾಗಿ ತಿರುವಿನ್ಯಾಗ ಪಲ್ಟಿ ಭಯ."

ಲೆಕ್ಕ ಹಾಕಿದೆ. 2020ರಲ್ಲಿ ಬಂದ ಈ ಮಾದರಿಗೆ ನೆಲದಿಂದ 226 ಮಿ.ಮೀ. ಎತ್ತರವನ್ನು ಕಂಪನಿಯೇ ಕೊಟ್ಟಿದೆ, 650 ಮಿ.ಮೀ. ನೀರನ್ನೂ ದಾಟುತ್ತದಂತೆ. ತಯಾರಕರ ಮೂಲ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸಬಾರದೆಂದು 2019ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ನಾಳೆ ಏನಾದರೂ ಆದರೆ ವಿಮೆಯವರು ಬಿಟ್ಟಾರೆಯೇ?

ತೆರೆಯಲ್ಲಿ ರೀಟೇಕ್ ಉಂಟು, ರಸ್ತೆಯಲ್ಲಿಲ್ಲ. 1990ರಲ್ಲಿ ದಾವಣಗೆರೆ ಬಳಿ ನಮ್ಮ ಶಂಕರ್‌ನಾಗ್ ಅವರನ್ನು ಕಸಿದುಕೊಂಡದ್ದು ರಸ್ತೆಯೇ ಅಲ್ಲವೇ?

ಆದರೂ ಮನಸ್ಸು ಹೊಯ್ದಾಡುತ್ತಲೇ ಇತ್ತು. ಮೊನ್ನೆ ಕುಷ್ಟಗಿಯ ನೆಂಟರ ಮದುವೆಗೆ ಹೊರಟೆವು. ಮೊಣಕಾಲು ನೋವಿನ ಅವ್ವ ಬಾಗಿಲು ಹಿಡಿದು ಎರಡು ಸಲ ಪ್ರಯತ್ನಿಸಿದಳು. ಆಗಲಿಲ್ಲ. ನಾನೇ ಎತ್ತಿ ಕೂರಿಸಿದೆ.

"ಇನ್ನೂ ಎತ್ತರ ಮಾಡಸ್ತೀಯಂತ? ಮಾಡಸಪಾ. ಒಂದ್ ನಿಚ್ಚಣಿಕೀನೂ ತಂದಿಡು" ಎಂದಳು ನಗುತ್ತ.

ನಾನು ನಗಲಿಲ್ಲ. ಮರುದಿನ ಕಾಕಾನ ಬಳಿ ಹೋಗಿ ಮಣ್ಣು ಹಿಡಿಯುವ ಟೈರು ನೋಡಿದೆ, ಅಳತೆ ಕಂಪನಿಯದೇ. ಜೊತೆಗೆ ಅವ್ವನಿಗೊಂದು ಕಾಲ್ಮೆಟ್ಟಿಲು. ಎತ್ತರ ಇದ್ದಷ್ಟೇ ಇರಲಿ!