ಒಥೆಲೊನನ್ನು ಕಾಪಾಡಲು ಹೋಗಿ

ಪ್ರೇಕ್ಷಕರು ಒಥೆಲೊನಿಗಾಗಿ ಮರುಗಲೇಬೇಕು ಎಂಬ ಹಟಕ್ಕೆ ಬಿದ್ದು ನಾನು ಷೇಕ್ಸ್‌ಪಿಯರನ ನಾಟಕಕ್ಕೆ ಕತ್ತರಿ ಹಾಕಿದೆ. ನಮ್ಮ ಹವ್ಯಾಸಿ ತಂಡಕ್ಕೆ ಎರಡು ಗಂಟೆಯ ರಂಗರೂಪ ಬೇಕಿತ್ತು. ನಾಲ್ಕನೆಯ ಅಂಕದಲ್ಲಿ, ವೆನಿಸ್‌ನಿಂದ ಬಂದ ಲೊಡೊವಿಕೊನ ಎದುರಲ್ಲೇ ಒಥೆಲೊ ಹೆಂಡತಿ ಡೆಸ್ಡಿಮೋನಾಳಿಗೆ ಹೊಡೆಯುವ ಭಾಗವನ್ನು ತೆಗೆದೆ. ಕೊನೆಯ ಅಂಕದಲ್ಲಿ ಡೆಸ್ಡಿಮೋನಾಳ ಸಖಿ ಎಮಿಲಿಯಾ ಅವನನ್ನು ತರಾಟೆಗೆ ತೆಗೆದುಕೊಳ್ಳುವ ಮಾತುಗಳನ್ನೂ ತೆಗೆದು, ಅವನ ಸಂಶಯಕ್ಕೆ ಸಾಕ್ಷಿಯಾದ ಕರವಸ್ತ್ರದ ಗುಟ್ಟು ಹೊರಬೀಳಲು ಬೇಕಾದಷ್ಟನ್ನು ಮಾತ್ರ ಉಳಿಸಿದೆ.

ಒಥೆಲೊ ಮೂಲತಃ ಒಳ್ಳೆಯವನು ಎಂಬುದು ನನ್ನ ವಾದವಾಗಿತ್ತು. ವೆನಿಸ್‌ಗೆ ಅವನ ಕತ್ತಿ ಬೇಕು. ಅದೇ ಊರಿನವನಾದ ಡೆಸ್ಡಿಮೋನಾಳ ಅಪ್ಪ ಬ್ರಬಾನ್ಶಿಯೊಗೆ ಅವನು ಅಳಿಯನಾಗುವುದು ಬೇಡ. ಆ ಅವಮಾನ ಎಲ್ಲಿ ನೋಯುತ್ತದೆಂದು ಒಥೆಲೊನ ಕೈಕೆಳಗಿನ ಅಧಿಕಾರಿ, ಎಮಿಲಿಯಾಳ ಗಂಡ ಇಯಾಗೊಗೆ ಗೊತ್ತು. ಅಪ್ಪನಿಗೇ ಮೋಸ ಮಾಡಿದವಳು, ನೀನೋ ಹೊರಗಿನವನು ಎಂದು ಅಲ್ಲಿಗೇ ಚುಚ್ಚುತ್ತಾನೆ. ಮೂರನೆಯ ಅಂಕದ ಮೂರನೆಯ ದೃಶ್ಯ ಶುರುವಾಗುವಾಗ ಹೆಂಡತಿಯನ್ನು ಪೂರ್ತಿ ನಂಬಿದ್ದವನು, ಅದು ಮುಗಿಯುವಷ್ಟರಲ್ಲಿ ಅವಳನ್ನು ಕೊಲ್ಲಲು ನಿಶ್ಚಯಿಸಿರುತ್ತಾನೆ. ಒಥೆಲೊ ಸುಲಭಕ್ಕೆ ಸಂಶಯಪಡುವ ಸ್ವಭಾವದವನಲ್ಲ ಎಂದು ವಿಮರ್ಶಕ ಎ.ಸಿ. ಬ್ರಾಡ್ಲಿ 1904ರಲ್ಲಿ ಬರೆದದ್ದನ್ನು ಓದಿ ತಲೆದೂಗಿದ್ದೆ. ಇಯಾಗೊನ ಮಾತು ಅಷ್ಟು ಬೇಗ ನಾಟಬೇಕಾದರೆ ದೋಷ ಒಥೆಲೊನೊಳಗೇ ಇತ್ತು ಎಂದು ಎಫ್.ಆರ್. ಲೀವಿಸ್ 1937ರಲ್ಲಿ ವಾದಿಸಿದ್ದನ್ನೂ ಓದಿದ್ದೆ. ಅದು ನನಗೆ ಬೇಡವಾಗಿತ್ತು.

ಪ್ರಯೋಗದ ದಿನ ಒಥೆಲೊ ತನ್ನನ್ನು ತಾನೇ ಇರಿದುಕೊಂಡಾಗ ಸಭಾಂಗಣ ತಣ್ಣಗೆ ಕೂತಿತ್ತು. ಯಾರ ಮನಸ್ಸೂ ಕದಡಿರಲಿಲ್ಲ. ಬಣ್ಣ ಅಳಿಸುತ್ತಿದ್ದ ನಮ್ಮ ಎಮಿಲಿಯಾ ಪಾತ್ರಧಾರಿ ಹೇಳಿದಳು: “ಸರ್, ಅವನು ಏನು ಮಾಡಿದ ಅಂತ ಅವನ ಮುಖಕ್ಕೇ ಹೇಳೋರನ್ನ ನೀವು ಉಳಿಸಲೇ ಇಲ್ಲವಲ್ಲ.”

ಆ ರಾತ್ರಿಯೇ ಐದನೆಯ ಅಂಕವನ್ನು ಮತ್ತೆ ಓದಿದೆ. ತನ್ನನ್ನು ಯಾರೂ ಕೊಂದಿಲ್ಲ ಎಂದು ಹೇಳಿ ಡೆಸ್ಡಿಮೋನಾ ಪ್ರಾಣ ಬಿಡುತ್ತಾಳೆ. ಒಥೆಲೊ ಕೊಂದದ್ದು ನಾನೇ ಎನ್ನುತ್ತಾನೆ. ಆದರೆ ಆಗಲೂ ತಾನು ಮಾಡಿದ್ದು ನ್ಯಾಯವೆಂದೇ ಅವನ ನಂಬಿಕೆ. ಆ ನಂಬಿಕೆಯನ್ನು ಒಡೆಯುವವಳು ಎಮಿಲಿಯಾ. ಕತ್ತಿಗೂ ಅಂಜದೆ, ಗಂಡನ ಬೆದರಿಕೆಗೂ ಬಗ್ಗದೆ ನಿಜ ಹೇಳಿ, ಅದಕ್ಕೆ ಜೀವವನ್ನೇ ತೆರುತ್ತಾಳೆ. ಒಥೆಲೊನ ಪಶ್ಚಾತ್ತಾಪ ಹುಟ್ಟುವುದು ಅವಳ ಮಾತಿನಿಂದ. ಅವಳ ಬಾಯಿ ಕಟ್ಟಿದ್ದರಿಂದ ನನ್ನ ನಾಯಕನ ಅಳುವಿಗೆ ಬೇರೇ ಇರಲಿಲ್ಲ.

ಷೇಕ್ಸ್‌ಪಿಯರ್ ಈ ಕಥೆಯನ್ನು ಪಡೆದದ್ದು ಇಟಲಿಯ ಚಿಂತಿಯೊ 1565ರಲ್ಲಿ ಪ್ರಕಟಿಸಿದ ಕಥಾಸಂಗ್ರಹದಿಂದ. ಅಲ್ಲಿ ಒಥೆಲೊನ ಸ್ಥಾನದಲ್ಲಿರುವ ಮೂರ್ ಮತ್ತು ಅವನ ಕೈಕೆಳಗಿನ ಅಧಿಕಾರಿ ಸೇರಿ ಮೂರ್‌ನ ಹೆಂಡತಿಯನ್ನು ಕೊಂದು, ಮನೆಯ ಸೂರು ಬಿದ್ದು ಸತ್ತಳೆಂದು ನಂಬಿಸುತ್ತಾರೆ. ಚಿತ್ರಹಿಂಸೆ ಕೊಟ್ಟರೂ ಮೂರ್ ತಪ್ಪೊಪ್ಪುವುದಿಲ್ಲ. ಅವನಿಗಾಗಿ ಮರುಗುವುದು ಕಷ್ಟ. ಷೇಕ್ಸ್‌ಪಿಯರ್ ಕೊಲೆಗಾರನನ್ನು ಸತ್ಯದ ಎದುರು ನಿಲ್ಲಿಸಿದ, ನಮ್ಮ ಅನುಕಂಪಕ್ಕೆ ಅಲ್ಲಿ ದಾರಿಯಾಯಿತು. ನಾನು ಮತ್ತೆ ಆ ಸೂರನ್ನೇ ಬೀಳಿಸಿದ್ದೆ.

ಯಾಕೆ ಹಾಗೆ ಮಾಡಿದೆ ಎಂಬುದನ್ನು ಒಪ್ಪಿಕೊಳ್ಳಲು ಇನ್ನೂ ಹೊತ್ತು ಹಿಡಿಯಿತು. ಮದುವೆಯಾದ ಹೊಸತರಲ್ಲಿ ಹೆಂಡತಿ ಆಫೀಸಿನಿಂದ ತಡವಾಗಿ ಬಂದರೆ ಯಾರ ಜೊತೆಗಿದ್ದೆ ಎಂದು ಕೇಳುತ್ತಿದ್ದೆ. ಅವಳ ಫೋನ್ ತೆಗೆದು ನೋಡುತ್ತಿದ್ದೆ. ಅತಿಯಾದ ಪ್ರೀತಿಯಿಂದ ಹಾಗೆ ಮಾಡುತ್ತೇನೆಂದು ನನಗೆ ನಾನೇ ಹೇಳಿಕೊಂಡಿದ್ದೆ. ಕ್ಷಮೆ ಕೇಳಿದಾಗಲೂ ನನ್ನ ಸಂಕಟವನ್ನೇ ತೋಡಿಕೊಂಡೆ. ಆ ದಿನಗಳು ಅವಳಿಗೆ ಹೇಗಿದ್ದವು ಎಂದು ಕೇಳಿರಲಿಲ್ಲ. ಒಥೆಲೊನ ಹೊಡೆತವನ್ನು ಮುಚ್ಚಿಟ್ಟವನು ಆ ಗಂಡನೇ. ನಾಟಕದ ನಂತರ ಒಂದು ಸಂಜೆ ಅವಳನ್ನು ಕೇಳಿದೆ, ನಡುವೆ ಬಾಯಿ ಹಾಕದೆ ಕೊನೆಯವರೆಗೂ ಕೇಳಿಸಿಕೊಂಡೆ. ಸಮರ್ಥನೆಗೆ ಒಂದು ಮಾತೂ ಉಳಿದಿರಲಿಲ್ಲ.

ತಪ್ಪು ಮಾಡಿದವನ ಬಗ್ಗೆ ಮರುಕ ತಪ್ಪಲ್ಲ. ದುರಂತ ನಾಟಕ ನಮಗೆ ಕಲಿಸುವುದೇ ಅದನ್ನು. ಆದರೆ ಅವನು ಮಾಡಿದ್ದನ್ನು ಪೂರ್ತಿ ನೋಡಿದ ಮೇಲೂ ಉಳಿಯುವ ಮರುಕಕ್ಕೆ ಮಾತ್ರ ಬೆಲೆ. ಈ ನಾಟಕ ಆಡಿಸುವವರಲ್ಲಿ ನನ್ನ ಕೋರಿಕೆ ಇಷ್ಟೇ: ಸಮಯ ಸಾಲದಿದ್ದರೆ ವಿದೂಷಕನನ್ನು ಬಿಡಿ, ರೊಡೆರಿಗೊನ ಮಾತು ಕಡಿಮೆ ಮಾಡಿ. ಎಮಿಲಿಯಾಳ ಒಂದು ಮಾತನ್ನೂ ಮುಟ್ಟಬೇಡಿ.