ಅಳಿಸಿದ್ದು ಅಳಿಯಬೇಕು

ನಂಜನಗೂಡಿನಲ್ಲಾಗಲಿ ತಿರುಮಕೂಡಲು ನರಸೀಪುರದಲ್ಲಾಗಲಿ, ತಾಲ್ಲೂಕು ಕಚೇರಿಯಲ್ಲಿ ಕೆಲಸವಿಟ್ಟುಕೊಂಡು ಬಂದವರು ಮೊದಲು ಹತ್ತುವ ಮೆಟ್ಟಿಲು ಹತ್ತಿರದ ಜೆರಾಕ್ಸ್ ಅಂಗಡಿಯದು. ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಮಕ್ಕಳ ಅಂಕಪಟ್ಟಿ ಎಲ್ಲವೂ ಅಲ್ಲಿಗೆ ವಾಟ್ಸ್ಆ್ಯಪ್‌ನಲ್ಲೋ ಇಮೇಲ್‌ನಲ್ಲೋ ಪೆನ್‌ಡ್ರೈವ್‌ನಲ್ಲೋ ಬರುತ್ತವೆ, ಪ್ರಿಂಟಾಗುತ್ತವೆ. ಕಾಗದ ತಂದವರ ಜೊತೆ ಹೋಗುತ್ತದೆ; ಫೈಲು ಅಂಗಡಿಯ ಕಂಪ್ಯೂಟರಿನ ಡೌನ್‌ಲೋಡ್ ಫೋಲ್ಡರಿನಲ್ಲಿ ಉಳಿಯುತ್ತದೆ. ಯಾರೂ ಬಯಸದೆ, ಯಾರೂ ಯೋಜಿಸದೆ, ವರ್ಷ ತುಂಬುವುದರೊಳಗೆ ಒಂದು ಹೋಬಳಿಯ ಅರ್ಧ ಜನರ ಗುರುತು ಆ ಒಂದು ಯಂತ್ರದಲ್ಲಿ ಸೇರಿಕೊಂಡಿರಬಹುದು. ಅಂಗಡಿಯವರನ್ನು ದೂರಿ ಪ್ರಯೋಜನವಿಲ್ಲ. ಸಾಲು ಬೆಳೆದಿರುವಾಗ ಅವರಿಗೆ ಪ್ರಿಂಟು ತೆಗೆಯುವುದೇ ಕೆಲಸ. ಇಂಥ ಜಾಗಕ್ಕೆ ಬೇಕಾಗುವ ಒಂದು ಕಸುಬಿದೆ: ಬಳಸಿದ ಫೈಲನ್ನು ನಿಜವಾಗಿ ಅಳಿಸುವ, ಪೆನ್‌ಡ್ರೈವಿನ ಸೋಂಕು ತಡೆಯುವ, ಫೋಟೊದೊಳಗೆ ಅಡಗಿರುವ ಸ್ಥಳದ ಮಾಹಿತಿಯನ್ನು ತೆಗೆದುಹಾಕುವ ಸಣ್ಣ ಸಣ್ಣ ಉಚಿತ ತಂತ್ರಾಂಶಗಳನ್ನು ಒಬ್ಬರೇ ಕೂತು ಬರೆಯುವುದು, ಬರೆದಮೇಲೆ ಬಿಡದೆ ತಿದ್ದುತ್ತಿರುವುದು. ನನಗೆ ಬಹಳ ಪ್ರಿಯವಾದ ಕಸುಬು ಇದು. ಇದರ ಹಿರಿಮೆಯೆಲ್ಲ ಆ ತಿದ್ದುವುದರಲ್ಲಿದೆ ಎನ್ನುವುದು ನನ್ನ ವಾದ.

ಅಪಾಯವನ್ನು ಹಿಗ್ಗಿಸಿ ಹೇಳುತ್ತಿಲ್ಲ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಹೊರಡಿಸಿತು. ಆಧಾರ್ ಪ್ರತಿಯನ್ನು ಕಂಡವರಿಗೆಲ್ಲ ಕೊಡಬೇಡಿ, ಇ-ಆಧಾರನ್ನು ಸಾರ್ವಜನಿಕ ಕಂಪ್ಯೂಟರಿನಲ್ಲಿ ಡೌನ್‌ಲೋಡ್ ಮಾಡಬೇಡಿ, ಮಾಡಿದರೆ ಎಲ್ಲ ಪ್ರತಿಗಳನ್ನೂ ಶಾಶ್ವತವಾಗಿ ಅಳಿಸಿಬಿಡಿ ಎಂಬುದು ಅದರ ಸಾರ. ತಪ್ಪಾಗಿ ಅರ್ಥೈಸುವ ಸಾಧ್ಯತೆಯಿದೆ ಎಂದು ಎರಡೇ ದಿನದಲ್ಲಿ ಅದನ್ನು ಹಿಂಪಡೆಯಲಾಯಿತು. ಪ್ರಕಟಣೆ ಹೋಯಿತು, ಅದು ತೋರಿಸಿದ ಸಮಸ್ಯೆ ಉಳಿಯಿತು. ಇ-ಆಧಾರ್ ಫೈಲಿಗೆ ಪಾಸ್‌ವರ್ಡ್ ಇರುತ್ತದಲ್ಲ ಎನ್ನಬಹುದು. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಆಮೇಲೆ ಹುಟ್ಟಿದ ವರ್ಷ, ಇಷ್ಟೇ ಆ ಪಾಸ್‌ವರ್ಡ್. ಊರಿನಲ್ಲಿ ಒಬ್ಬರ ಹೆಸರು, ಹುಟ್ಟಿದ ವರ್ಷ ಯಾರಿಗೆ ಗೊತ್ತಿರುವುದಿಲ್ಲ? ‘ಶಾಶ್ವತವಾಗಿ ಅಳಿಸಿ’ ಎಂದು ಹೇಳುವುದು ಸುಲಭ. ಆದರೆ ಆ ಮಾತನ್ನು ಯಂತ್ರ ಪಾಲಿಸುವಂತೆ ಮಾಡುವುದು ಹೇಗೆ ಎಂಬಲ್ಲಿಂದ ಕಸುಬು ಶುರುವಾಗುತ್ತದೆ.

ಡಿಲೀಟ್ ಒತ್ತಿದಾಗ ಕಂಪ್ಯೂಟರು ಸಾಮಾನ್ಯವಾಗಿ ಫೈಲಿನ ಒಳಗಿನದನ್ನು ಮುಟ್ಟುವುದೇ ಇಲ್ಲ. ಮೊದಲು ಅದನ್ನು ಕಸದ ಬುಟ್ಟಿಗೆ ಸರಿಸುತ್ತದೆ. ಬುಟ್ಟಿ ಖಾಲಿ ಮಾಡಿದರೆ, ಈ ಜಾಗ ಇನ್ನು ಖಾಲಿ ಎಂದು ತನ್ನ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ. ಹಳೆಯ ದತ್ತಾಂಶ ಹಾಗೆಯೇ ಇರುತ್ತದೆ, ಅದರ ಮೇಲೆ ಬೇರೆಯದು ಬಂದು ಬೀಳುವವರೆಗೆ. ಅಳಿಸುವ ತಂತ್ರಾಂಶಗಳು ಹುಟ್ಟಿದ್ದು ಆ ಜಾಗದ ಮೇಲೆ ತಾವೇ ಅರ್ಥವಿಲ್ಲದ ಅಂಕಿಗಳನ್ನು ಬರೆದುಬಿಡಲು. 1996ರಲ್ಲಿ ನ್ಯೂಜಿಲೆಂಡಿನ ಸಂಶೋಧಕ ಪೀಟರ್ ಗಟ್‌ಮನ್ ಅಂದಿನ ಬಗೆಬಗೆಯ ಡಿಸ್ಕುಗಳನ್ನೆಲ್ಲ ಗಣನೆಗೆ ತೆಗೆದುಕೊಂಡು ಹೀಗೆ 35 ಸುತ್ತು ಬರೆದು ಅಳಿಸುವ ವಿಧಾನವೊಂದನ್ನು ಮಂಡಿಸಿದರು. ಹೊಸ ಡಿಸ್ಕುಗಳಿಗೆ ಅಷ್ಟೂ ಸುತ್ತು ಬೇಕಿಲ್ಲ ಎಂದು ಮುಂದೆ ಅವರೇ ಹೇಳಿದರೂ ಎಷ್ಟೋ ತಂತ್ರಾಂಶಗಳು 35 ಎಂಬ ಆಯ್ಕೆಯನ್ನು ಹೆಮ್ಮೆಯಿಂದ ಇಟ್ಟುಕೊಂಡೇ ಬಂದವು. ಆಮೇಲೆ ದತ್ತಾಂಶವನ್ನು ಚಿಪ್ಪುಗಳಲ್ಲಿ ಇಡುವ ಎಸ್ಎಸ್‌ಡಿ ಬಂತು. ಅದರಲ್ಲಿ ಅದೇ ಜಾಗದ ಮೇಲೆ ಬರೆ ಎಂದರೆ ಒಳಗಿನ ನಿಯಂತ್ರಕ ಬೇರೊಂದು ಜಾಗದಲ್ಲಿ ಬರೆಯುತ್ತದೆ, ಯಾವ ಕೋಶವೂ ಬೇಗ ಸವೆಯಬಾರದಲ್ಲ. ಹಳೆಯದು ಅಲ್ಲೇ ಕೂತಿರಬಹುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಸಂಶೋಧಕರು 2011ರಲ್ಲಿ ಇದನ್ನು ಪರೀಕ್ಷಿಸಿ, ಎಸ್ಎಸ್‌ಡಿಯಲ್ಲಿ ಬಿಡಿ ಫೈಲೊಂದನ್ನು ಮೇಲೆ ಬರೆದು ಅಳಿಸುವ ವಿಧಾನಗಳಲ್ಲಿ ಯಾವುದನ್ನೂ ನಂಬುವಂತಿಲ್ಲ ಎಂದು ತೋರಿಸಿದರು.

ಈ ಹಂತದಲ್ಲಿ ಅಳಿಸುವ ತಂತ್ರಾಂಶ ಬರೆದವರ ಮುಂದೆ ಎರಡು ದಾರಿಗಳಿದ್ದವು. ಗುಂಡಿ, ಪಟ್ಟಿ, ಹಸಿರು ಗುರುತು ಎಲ್ಲವನ್ನೂ ಹಾಗೇ ಇಟ್ಟು ಬಳಸುವವರಿಗೆ ನೆಮ್ಮದಿ ಹಂಚುತ್ತಾ ಹೋಗುವುದು ಒಂದು. ಹೊಸ ಆವೃತ್ತಿ ತಂದು, ಡಿಸ್ಕು ಯಾವ ಜಾತಿಯದೆಂದು ಮೊದಲು ಪತ್ತೆಮಾಡಿ, ‘ಇದು ಎಸ್ಎಸ್‌ಡಿ, ಇಲ್ಲಿ ನನ್ನ ಹಳೆಯ ವಿಧಾನ ನಡೆಯದು, ಇಡೀ ಡಿಸ್ಕನ್ನು ಮೊದಲಿನಿಂದಲೇ ಗೂಢಲಿಪಿಯಲ್ಲಿಡಿ’ ಎಂದು ಪರದೆಯ ಮೇಲೆ ಬರೆಯುವುದು ಇನ್ನೊಂದು. ಎರಡನೆಯ ದಾರಿ ಹಿಡಿದವರ ಕೆಲಸದಲ್ಲಿ ಒಂದು ಚೆಲುವಿದೆ. ನಿನ್ನೆಯವರೆಗೆ ಮಾಡಿಕೊಟ್ಟ ಕೆಲಸವನ್ನು ಇಂದು ಮಾಡಲಾಗದು ಎಂದು ತಾನೇ ಒಪ್ಪಿ, ಅದಕ್ಕಾಗಿ ಬರೆದಿದ್ದ ನೂರಾರು ಸಾಲುಗಳನ್ನು ತೆಗೆದುಹಾಕಿ, ತೆಗೆದದ್ದರಿಂದಲೇ ತಂತ್ರಾಂಶ ಮೊದಲಿಗಿಂತ ನಂಬಿಕಸ್ತವಾಗುವುದನ್ನು ನೋಡುವ ಸುಖ ಬೇರೆ ಕಸುಬುಗಳಲ್ಲಿ ಅಪರೂಪ. ಪ್ರತಿ ಆವೃತ್ತಿಯ ಜೊತೆ ಬರುವ ಬದಲಾವಣೆಗಳ ಟಿಪ್ಪಣಿಯನ್ನು ನಾನು ಪ್ರೀತಿಯಿಂದ ಓದುವುದು ಇದಕ್ಕೇ. ‘ಹೊಸದಾಗಿ ಸೇರಿಸಿದ್ದು’ ಎಂಬ ಸಾಲುಗಳಿಗಿಂತ ‘ತೆಗೆದದ್ದು’, ‘ಸರಿಪಡಿಸಿದ್ದು’ ಎಂಬ ಸಾಲುಗಳಲ್ಲಿ ಬರೆದವರ ಬುದ್ಧಿ ಹೆಚ್ಚು ಚೆನ್ನಾಗಿ ಕಾಣುತ್ತದೆ.

ಪೆನ್‌ಡ್ರೈವಿನ ಕಥೆ ಇದನ್ನೇ ಇನ್ನೊಂದು ಕಡೆಯಿಂದ ಹೇಳುತ್ತದೆ. ಒಂದು ಕಾಲದಲ್ಲಿ ಪೆನ್‌ಡ್ರೈವ್ ಚುಚ್ಚಿದ ತಕ್ಷಣ ಅದರೊಳಗಿನ ಆಟೋರನ್ ಫೈಲು ತಾನಾಗಿ ಓಡುತ್ತಿತ್ತು. 2008ರ ಕೊನೆಯಲ್ಲಿ ಕಾಣಿಸಿಕೊಂಡ ಕಾನ್‌ಫಿಕರ್ ಹುಳು ಆ ದಾರಿಯಲ್ಲೂ ಹರಡಿತು. ಆಗ ಹತ್ತಾರು ಸಣ್ಣ ಉಚಿತ ತಂತ್ರಾಂಶಗಳು ಆ ಬಾಗಿಲನ್ನು ಮುಚ್ಚಲು ನಿಂತವು. 2011ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಹಳೆಯ ವಿಂಡೋಸ್‌ಗಳಲ್ಲೂ ಪೆನ್‌ಡ್ರೈವಿನ ಆಟೋರನ್ ನಿಲ್ಲಿಸುವ ಅಪ್‌ಡೇಟ್ ಹಂಚಿತು. ಆ ಸಾಧನಗಳ ಅಗತ್ಯ ಮುಗಿಯಿತು. ಆದರೆ ವೈರಸ್ ಬರೆಯುವವರೂ ಸುಮ್ಮನಿರಲಿಲ್ಲ. ನಿಜವಾದ ಫೋಲ್ಡರನ್ನು ಮರೆಮಾಡಿ, ಅದೇ ಹೆಸರಿನ ಶಾರ್ಟ್‌ಕಟ್ ಒಂದನ್ನಿಟ್ಟು, ಜನರೇ ಅದನ್ನು ಒತ್ತುವಂತೆ ಮಾಡಿದರು. ಪ್ರಿಂಟಿಗೆಂದು ದಿನವಿಡೀ ಬೇರೆ ಬೇರೆ ಪೆನ್‌ಡ್ರೈವುಗಳು ಬಂದು ಹೋಗುವ ಅಂಗಡಿಗೆ ಇದಕ್ಕಿಂತ ಹೊಂದುವ ತಂತ್ರವಿಲ್ಲ. ಕೇಂದ್ರ ಸರ್ಕಾರ 2017ರ ಫೆಬ್ರವರಿಯಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರವು ಸರ್ಕಾರಿ ಸಂಸ್ಥೆ ಸಿ-ಡ್ಯಾಕ್ ರೂಪಿಸಿದ ‘ಯುಎಸ್‌ಬಿ ಪ್ರತಿರೋಧ್’ ಎಂಬ ಉಚಿತ ಸಾಧನವನ್ನು ಜನರಿಗೆ ಕೊಟ್ಟಿತು. ಅಂದರೆ ಪೆನ್‌ಡ್ರೈವಿಗೇ ಮೀಸಲಾದ ಒಂದು ಸಣ್ಣ ಸಾಧನ ಬೇಕೆಂಬುದು ಒಬ್ಬಿಬ್ಬರ ಹುಚ್ಚಲ್ಲ, ಸರ್ಕಾರಕ್ಕೂ ಅದು ಕಂಡಿದೆ.

ಅದೇ ವರ್ಷದ ಮಾರ್ಚ್ 14ರಂದು ವಿಂಡೋಸ್‌ನ ಒಂದು ರಂಧ್ರಕ್ಕೆ ತೇಪೆ ಹೊರಬಂತು. ಮೇ 12ರಂದು ಅದೇ ರಂಧ್ರದ ಮೂಲಕ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಜಗತ್ತಿನಾದ್ಯಂತ ನುಗ್ಗಿತು. ನಡುವೆ ಸುಮಾರು ಎರಡು ತಿಂಗಳಿತ್ತು. ತೇಪೆ ಹಾಕಿಕೊಂಡವರು ಉಳಿದರು. ಒಂದೇ ರಂಧ್ರವಿರುವ ಪ್ರತಿಗಳೆಲ್ಲ ಒಟ್ಟಿಗೆ ಬೀಳುವುದೆಂದರೇನು ಎಂದು ನಂಜನಗೂಡಿನ ಸೀಮೆಯವರಿಗೆ ವಿವರಿಸಬೇಕಿಲ್ಲ. ರಸಬಾಳೆಯ ಗಿಡ ಸಾಮಾನ್ಯವಾಗಿ ತಾಯಿಗಿಡದ ಕಂದಿನಿಂದ ಬಂದದ್ದು, ತದ್ರೂಪ ಪ್ರತಿ; ಪನಾಮಾ ಸೊರಗು ರೋಗಕ್ಕೆ ಒಂದು ಸೋತರೆ ಎಲ್ಲವೂ ಸೋಲುತ್ತವೆ, ತೋಟಗಳು ಕುಗ್ಗಿದ್ದು ಹಾಗೆಯೇ. ಒಂದೇ ತಂತ್ರಾಂಶದ ಕೋಟಿ ಪ್ರತಿಗಳ ಸ್ಥಿತಿಯೂ ಅದೇ. ವ್ಯತ್ಯಾಸವೆಂದರೆ, ತಂತ್ರಾಂಶದಲ್ಲಿ ಒಬ್ಬರು ಕೂತು ತಿದ್ದಿದ ಔಷಧ ಕೋಟಿ ಪ್ರತಿಗಳಿಗೂ ಒಂದೇ ದಿನದಲ್ಲಿ ಮುಟ್ಟಬಲ್ಲದು. ಅದಕ್ಕೆ ತಿದ್ದುವವರು ಇರಬೇಕು, ತಿದ್ದಿದ್ದನ್ನು ಹಾಕಿಕೊಳ್ಳುವವರೂ ಇರಬೇಕು.

ಕನ್ನಡಿಗರಿಗೆ ಈ ವಿಷಯ ಇನ್ನೂ ಹತ್ತಿರದ್ದು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಹೊರತಂದು ಬಹುಕಾಲ ಉಚಿತವಾಗಿಯೇ ಹಂಚಿದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವಿಲ್ಲದೆ ನಮ್ಮ ಡಿಟಿಪಿ ಅಂಗಡಿಗಳು ನಡೆಯುತ್ತಿರಲಿಲ್ಲ. ಒಬ್ಬಿಬ್ಬರ ಅಥವಾ ಪುಟ್ಟ ಗುಂಪಿನ ಶ್ರಮದಿಂದ ಒಂದು ಭಾಷೆಯೇ ಕಂಪ್ಯೂಟರಿನೊಳಗೆ ಬಂತು. ಈಗ ಭದ್ರತೆಯ ಕಣ್ಣಿನಿಂದ ನೋಡಿ: ಇಂಥ ತಂತ್ರಾಂಶ ಕೀಲಿಮಣೆಯ ಪ್ರತಿ ಒತ್ತನ್ನೂ ನಡುವೆ ಹಿಡಿದು ಕನ್ನಡ ಅಕ್ಷರವಾಗಿಸಿ ಮುಂದೆ ಕಳಿಸುತ್ತದೆ. ಪಾಸ್‌ವರ್ಡ್ ಕದಿಯುವ ತಂತ್ರಾಂಶವೂ ಪ್ರತಿ ಒತ್ತನ್ನು ಹಿಡಿಯುತ್ತದೆ, ಆಮೇಲೆ ಕಳ್ಳನಿಗೆ ರವಾನಿಸುತ್ತದೆ. ಎರಡಕ್ಕೂ ಬೇಕಾದ ಅಧಿಕಾರ ಒಂದೇ. ಯಂತ್ರಕ್ಕೆ ಇವೆರಡರ ನಡುವಿನ ಭೇದ ಸುಲಭವಾಗಿ ತಿಳಿಯದು. ಹಾಗಾದರೆ ನಂಬಿಕೆ ಎಲ್ಲಿಂದ ಬರಬೇಕು? ಬರೆದವರು ಯಾರೆಂದು ತಿಳಿದಿರುವುದರಿಂದ, ಮೂಲ ಸಂಕೇತ ತೆರೆದಿರುವುದರಿಂದ, ಅದು ಒಬ್ಬ ವಿದ್ಯಾರ್ಥಿ ಕೂತು ಓದಿ ಮುಗಿಸುವಷ್ಟು ಚಿಕ್ಕದಾಗಿರುವುದರಿಂದ. ಡೌನ್‌ಲೋಡ್ ಮಾಡಿದ ಪ್ರತಿ ಬರೆದವರು ಕೊಟ್ಟದ್ದೇ ಹೌದೋ ಎಂದು ನೋಡಲು ಎಸ್ಎಚ್ಎ-256 ಎಂಬ ಲೆಕ್ಕವಿದೆ. ಎಷ್ಟೇ ದೊಡ್ಡ ಫೈಲಾದರೂ ಅದರ ಗುರುತು 64 ಅಕ್ಷರಗಳಲ್ಲಿ ಬರುತ್ತದೆ. ಒಳಗೆ ಒಂದು ಚುಕ್ಕೆ ಬದಲಾದರೂ ಆ 64 ಅಕ್ಷರಗಳ ಚಹರೆಯೇ ಬೇರೆಯಾಗುತ್ತದೆ. ಎರಡು ಸಾಲುಗಳನ್ನು ಅಕ್ಷರಕ್ಕೆ ಅಕ್ಷರ ತಾಳೆ ನೋಡಿ ಸರಿಹೋದಾಗ ಆಗುವ ತೃಪ್ತಿ ಸಣ್ಣದಲ್ಲ.

ವಿಂಡೋಸ್‌ನಲ್ಲೇ ಡಿಫೆಂಡರ್ ಇದೆಯಲ್ಲ, ಇವೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಡಿಫೆಂಡರ್ ಒಳ್ಳೆಯದೇ, ಅದನ್ನು ಆಫ್ ಮಾಡಬಾರದು. ಆದರೆ ಅದು ಹುಡುಕುವುದು ಕೆಟ್ಟ ತಂತ್ರಾಂಶವನ್ನು. ಯಾರದೋ ಆಧಾರ್ ಪಿಡಿಎಫ್ ಆರು ತಿಂಗಳಿಂದ ಡೌನ್‌ಲೋಡ್ ಫೋಲ್ಡರಿನಲ್ಲಿ ಬಿದ್ದಿದ್ದರೆ ಡಿಫೆಂಡರಿಗೆ ಅದು ವೈರಸ್ಸಲ್ಲ, ಬರೀ ಫೈಲು. ಆ ಫೋಲ್ಡರನ್ನು ತಾನಾಗಿ ಖಾಲಿ ಮಾಡುವ ಸೌಕರ್ಯ ವಿಂಡೋಸ್‌ನಲ್ಲಿದ್ದರೂ ನಾವಾಗಿ ಹೇಳದ ಹೊರತು ಅದು ಆ ಕೆಲಸಕ್ಕೆ ಕೈಹಾಕುವುದಿಲ್ಲ. ಮೇಲಾಗಿ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ. ವಿಂಡೋಸ್ 11 ಬೇಡುವ ಯಂತ್ರಾಂಶ ಅನೇಕ ಹಳೆಯ ಕಂಪ್ಯೂಟರುಗಳಲ್ಲಿಲ್ಲ. ದೊಡ್ಡ ಕಂಪನಿಗಳು ಕೈಬಿಟ್ಟ ಆ ಯಂತ್ರಗಳ ಮೇಲೂ ತನ್ನ ಸಾಧನ ಓಡಬೇಕೆಂದು ಹಠ ಹಿಡಿಯುವವರು ಹೆಚ್ಚಾಗಿ ಒಂಟಿ ಕೆಲಸಗಾರರೇ. ಹಳೆಯ ಯಂತ್ರವನ್ನು ಅಂಥ ಸಾಧನ ಸಂಪೂರ್ಣ ಕಾಯಲಾರದು, ನಿಜ. ಆದರೆ ಯಂತ್ರದಲ್ಲಿ ಕದಿಯಲು ಏನೂ ಉಳಿಯದಂತೆ ನೋಡಿಕೊಳ್ಳಬಲ್ಲದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಆ ಒಂಟಿತನದ ಬಗ್ಗೆಯೇ. ಒಬ್ಬರನ್ನು ನಂಬುವುದು ಹೇಗೆ? ಅವರು ಬೇಸತ್ತು ಬಿಟ್ಟರೆ? 2024ರ ಮಾರ್ಚಿನಲ್ಲಿ ಎಕ್ಸ್‌ಝಡ್ ಎಂಬ ಪುಟ್ಟ ತಂತ್ರಾಂಶದಲ್ಲಿ ಹಿಂಬಾಗಿಲೊಂದು ಪತ್ತೆಯಾಯಿತು. ವರ್ಷಗಳಿಂದ ಒಬ್ಬರೇ ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದ ಕೆಲಸ ಅದು. ದಣಿದಿದ್ದ ಅವರಿಗೆ ನೆರವಾಗುವ ನೆಪದಲ್ಲಿ ಬಂದ ಅಪರಿಚಿತ ಎರಡು ವರ್ಷಕ್ಕೂ ಹೆಚ್ಚು ಕಾಲ ನಂಬಿಕೆ ಗಳಿಸಿ ಆ ಹಿಂಬಾಗಿಲನ್ನು ಸೇರಿಸಿದ್ದ. ಆಕ್ಷೇಪ ಸತ್ಯ, ಅದನ್ನು ತಳ್ಳಿಹಾಕಲಾರೆ. ಆದರೆ ಆಕ್ಷೇಪಿಸುವವರು ಸೂಚಿಸುವ ಪರಿಹಾರವೆಂದರೆ ದೊಡ್ಡ ಕಂಪನಿ. ಅದರ ಸಾಕ್ಷ್ಯವನ್ನೂ ನೋಡಬೇಕು. 2017ರಲ್ಲಿ ಸಿಸಿಕ್ಲೀನರ್ ಎಂಬ ಹೆಸರಾಂತ ಶುದ್ಧೀಕರಣ ಸಾಧನದ 5.33ನೇ ಆವೃತ್ತಿ, ಕಂಪನಿಯ ಅಧಿಕೃತ ಡಿಜಿಟಲ್ ಸಹಿಯನ್ನೇ ಹೊತ್ತು, ಕಳ್ಳ ಸಂಕೇತದೊಂದಿಗೆ ಸುಮಾರು 22.7 ಲಕ್ಷ ಬಳಕೆದಾರರನ್ನು ಮುಟ್ಟಿತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ದೋಷಪೂರಿತ ಅಪ್‌ಡೇಟ್ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಮಲಗಿಸಿತು. ಎಕ್ಸ್‌ಝಡ್‌ನ ಹಿಂಬಾಗಿಲನ್ನು ಕಂಡುಹಿಡಿದದ್ದಾದರೂ ಆಂಡ್ರೆಸ್ ಫ್ರಾಯಿಂಡ್ ಎಂಬ ಒಬ್ಬ ಎಂಜಿನಿಯರ್. ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಬೆನ್ನು ಹತ್ತಿದರು; ಸಂಕೇತ ತೆರೆದಿದ್ದರಿಂದ ಬೇರಿನವರೆಗೆ ಹೋಗಲು ಆಯಿತು. 2014ರಲ್ಲಿ ಟ್ರೂಕ್ರಿಪ್ಟ್ ಎಂಬ ಗೂಢಲಿಪಿ ತಂತ್ರಾಂಶ ಬರೆದ ಅನಾಮಿಕರು ಇದ್ದಕ್ಕಿದ್ದಂತೆ ನಿಲ್ಲಿಸಿದಾಗಲೂ ಸಂಕೇತ ಎಲ್ಲರ ಮುಂದಿತ್ತು. ಮುನೀರ್ ಇದ್ರಾಸಿ ಎಂಬವರು ಅದರಿಂದಲೇ ವೆರಾಕ್ರಿಪ್ಟನ್ನು ಬೆಳೆಸಿದರು. ಒಬ್ಬರ ಕೆಲಸ ಇನ್ನೊಬ್ಬರ ಕೈಗೆ ಹೋಗಬಲ್ಲದು, ಬಾಗಿಲು ತೆರೆದಿದ್ದರೆ.

ಹಣದ ಮಾತು ಉಳಿಯಿತು. ಉಚಿತವಾದದ್ದು ಬರೆದವರಿಗೆ ಉಚಿತವಲ್ಲ. ವಿಂಡೋಸ್‌ನ ಎಚ್ಚರಿಕೆ ಪರದೆ ಬರದಂತೆ ಮಾಡಲು ನೆರವಾಗುವ ಡಿಜಿಟಲ್ ಸಹಿಗೇ ಸಾಮಾನ್ಯವಾಗಿ ವರ್ಷಕ್ಕೆ ಇಷ್ಟೆಂದು ತೆರಬೇಕು. 2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ರಂಧ್ರ ಹೊರಬಿದ್ದಾಗ, ಅಂತರ್ಜಾಲದ ಬಹುಪಾಲು ನೆಚ್ಚಿಕೊಂಡಿದ್ದ, ಆ ರಂಧ್ರವಿದ್ದ ಓಪನ್‌ಎಸ್ಎಸ್ಎಲ್ ಎಂಬ ಮುಕ್ತ ತಂತ್ರಾಂಶಕ್ಕೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಎಂದು ತಿಳಿದು ಜಗತ್ತು ನಾಚಿತು. ನಮ್ಮ ಕಡೆ ಸಮಾಧಾನದ ಸಂಗತಿಯೊಂದಿದೆ: ಬೆಂಗಳೂರಿನ ಝೀರೋಧಾ ಕಂಪನಿ 2024ರಲ್ಲಿ ಇಂಥ ಮುಕ್ತ ತಂತ್ರಾಂಶಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಕೊಡುವ ನಿಧಿಯನ್ನು ಘೋಷಿಸಿತು. ಇಂಥವು ಇನ್ನಷ್ಟು ಬೇಕು, ಸರ್ಕಾರದಿಂದಲೂ ಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಹಕ್ಕು ದೆಹಲಿಯಿಂದ ಸೋಸಲೆ, ಹುಲ್ಲಹಳ್ಳಿಗಳ ಅಂಗಡಿಯವರೆಗೆ ಬರಬೇಕಾದರೆ ತೀರ್ಪಿನ ಜೊತೆಗೆ ಒಂದು ಕೆಲಸ ಮಾಡುವ ಗುಂಡಿಯೂ ಬೇಕು.

ಆ ಗುಂಡಿಯ ಮೇಲೆ ಕನ್ನಡ ಇರಬೇಕು. ‘ಅಳಿಸಲಾಗಿದೆ’, ‘ಇಲ್ಲಿ ಅಳಿಸಲಾಗದು, ಕಾರಣ ಹೀಗಿದೆ’ ಎಂಬ ಎರಡು ವಾಕ್ಯ ಅಂಗಡಿಯಲ್ಲಿ ನಿಂತ ರೈತರಿಗೂ ಓದಲು ಬರುವಂತಿದ್ದರೆ ಅವರು ‘ಅದನ್ನೊಮ್ಮೆ ಒತ್ತಿ ಸ್ವಾಮಿ’ ಎಂದು ತಾವೇ ಕೇಳಬಲ್ಲರು. ಮೈಸೂರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಅಂತಿಮ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವವರಿಗೆ ನನ್ನ ಕೋರಿಕೆ ಇಷ್ಟೇ. ಹೊಸದನ್ನು ಕಟ್ಟುವ ಮೊದಲು ಬ್ಲೀಚ್‌ಬಿಟ್‌ನಂಥ ಈಗಾಗಲೇ ಇರುವ ಮುಕ್ತ ಸಾಧನವೊಂದನ್ನು ಆರಿಸಿಕೊಳ್ಳಿ. ಅದರ ಸಂದೇಶಗಳನ್ನು ಕನ್ನಡಕ್ಕೆ ತನ್ನಿ. ನರಸೀಪುರದ ಯಾವುದಾದರೂ ಅಂಗಡಿಯ ಹಳೆಯ ಕಂಪ್ಯೂಟರಿನಲ್ಲಿ, ಮಾಲೀಕರ ಒಪ್ಪಿಗೆ ಪಡೆದು, ಓಡಿಸಿ ನೋಡಿ. ಎಲ್ಲಿ ಮುಗ್ಗರಿಸುತ್ತದೋ ಅದನ್ನು ತಿದ್ದಿ, ತಿದ್ದಿದ್ದನ್ನು ಮೂಲ ಬರೆದವರಿಗೆ ಕಳಿಸಿ. ಪದವಿ ಮುಗಿದ ಮೇಲೂ ವರ್ಷಕ್ಕೆ ಎರಡು ಬಾರಿಯಾದರೂ ಅದನ್ನು ಮತ್ತೆ ತೆರೆದು ನೋಡಿ.