ಶಾಲು, ಪೇಟ, ಹಣ್ಣಿನ ಬುಟ್ಟಿ

ಜನವರಿ 3, 2025, ಶುಕ್ರವಾರ

ಏಳು ಗಂಟೆಗೆ ಎದ್ದೆ. ಮಾಗಿ ಚಳಿ. ಅತ್ತೆ ಆಗಲೇ ಹಜಾರದಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಕೆಳಗೆ ಹಾಸಿದ್ದು ನನ್ನ ಅಂಕಣ ಬಂದ ಪುಟ. "ಬೆಳಿಗ್ಗೆ ಐದಕ್ಕೆ ಏಳಿ ಅಂತ ಊರಿಗೆಲ್ಲ ಬರೀತೀಯಲ್ಲ, ನೀನು ಯಾವತ್ತು ಎದ್ದಿದ್ದೀಯ?" ಅಂದರು. ಹನ್ನೊಂದು ವರ್ಷದಿಂದ ವಾರಕ್ಕೊಂದು ಬರೆಯುತ್ತಿದ್ದೇನೆ, ಯಾವ ಓದುಗರೂ ಕೇಳದ ಪ್ರಶ್ನೆ. ಉತ್ತರ ಹೊಳೆಯಲಿಲ್ಲ, ಕಾಫಿ ಬೆರೆಸಿಕೊಂಡೆ.

ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿದೆ. ಮದುವೆ ತಿಂಗಳು ಬಂದರೆ ವಾಲಗದವರಿಗೆ ಹೇಗೋ, ವ್ಯಕ್ತಿತ್ವ ವಿಕಸನದವರಿಗೆ ಜನವರಿ 12 ಹಾಗೆ. 1985ರಿಂದ ವಿವೇಕಾನಂದ ಜಯಂತಿಯನ್ನು ರಾಷ್ಟ್ರೀಯ ಯುವ ದಿನ ಅಂತ ಆಚರಿಸುತ್ತಿದ್ದಾರಲ್ಲ, ಪ್ರತಿ ಕಾಲೇಜಿಗೂ ಒಬ್ಬರು ಭಾಷಣಕಾರರು ಬೇಕು. ಈ ಸಲ ಐದು ಕಡೆಯಿಂದ ಕರೆ. ಮೂರಕ್ಕೆ ಒಪ್ಪಿದೆ.

ಜನವರಿ 6, ಸೋಮವಾರ

ಹಬ್ಬಕ್ಕೆ ಮುಂಚೆ ಬೀರು ತೆಗೆದು ಜೋಡಿಸಿದೆ. ಎಣಿಸಿದರೆ 43 ಶಾಲು! ಅದರಲ್ಲಿ ಮುಕ್ಕಾಲು ಪಾಲು ಒಂದೇ ಬಣ್ಣ, ಕಿತ್ತಳೆಗೂ ಕೆಂಪಿಗೂ ನಡುವಿನದು, ಅಂಚಿಗೆ ಹಳದಿ ಜರಿ. ಹೊದ್ದರೆ ಚಳಿ ತಡೆಯುವುದಿಲ್ಲ, ಒರೆಸಿದರೆ ನೀರು ಹೀರುವುದಿಲ್ಲ. ಮೈಸೂರು ಪೇಟ ಒಂಬತ್ತು. ಒಂದು ಪೇಟದ ಜರಿ ಎದ್ದು ಒಳಗಿನ ರಟ್ಟು ಕಾಣುತ್ತಿದೆ. ಅದನ್ನು ಅತ್ತೆ ಹಿಟ್ಟಿನ ಡಬ್ಬದ ಮೇಲೆ ಇಟ್ಟಿದ್ದಾರೆ, ಡಬ್ಬಕ್ಕೇ ಸನ್ಮಾನ ಮಾಡಿದ ಹಾಗೆ.

ಹೋದ ವರ್ಷ ಒಂದು ಕಾಲೇಜಿನವರು ಎರಡು ದಿನ ಕಾರ್ಯಾಗಾರ ಮಾಡಿಸಿಕೊಂಡು, "ಗೌರವಧನ ಕಳಿಸಿಕೊಡ್ತೀವಿ ಮೇಡಂ" ಅಂದು ಹಣ್ಣಿನ ಬುಟ್ಟಿ ಕೈಗಿಟ್ಟರು. ಬುಟ್ಟಿಯ ಮೇಲುಗಡೆ ಸೇಬು, ತಳದಲ್ಲಿ ಬರೀ ಹುಲ್ಲು. ದುಡ್ಡು ಇವತ್ತಿಗೂ ಬಂದಿಲ್ಲ. ನಾಚಿಕೆ ಬಿಟ್ಟು ಕೇಳುವುದು ಹೇಗೆ ಅಂತ ಮೂರು ಅಂಕಣ ಬರೆದಿದ್ದೇನೆ, ಅವರಿಗೆ ಒಂದು ಫೋನು ಮಾಡಿ ಕೇಳಲಿಲ್ಲ. ನಮ್ಮ ಯಜಮಾನರ ಸಂಬಳದಲ್ಲಿ ಮನೆ ನಡೆಯುತ್ತದೆ, ಆದ್ದರಿಂದ ನನ್ನ ಆತ್ಮವಿಶ್ವಾಸವೂ ನಡೆಯುತ್ತದೆ.

ಶಾಲುಗಳ ಅಡಿಯಲ್ಲಿ ಹಳೆ ಪುಸ್ತಕಗಳು ಸಿಕ್ಕವು. ಸ್ವಾಮಿ ಜಗದಾತ್ಮಾನಂದರ 'ಬದುಕಲು ಕಲಿಯಿರಿ', ಹೈಸ್ಕೂಲಿನಲ್ಲಿ ಪ್ರಬಂಧ ಸ್ಪರ್ಧೆಗೆ ಬಹುಮಾನ ಬಂದದ್ದು. ನಮ್ಮ ತಲೆಮಾರಿನಲ್ಲಿ ಬಹುಮಾನಕ್ಕೂ ಮದುವೆ ಉಡುಗೊರೆಗೂ ಅದೇ. ಯಂಡಮೂರಿಯವರ 'ವಿಜಯಕ್ಕೆ ಐದು ಮೆಟ್ಟಿಲು' ಇದೆ, ಹಾಸ್ಟೆಲಿನಲ್ಲಿ ಕೈಯಿಂದ ಕೈಗೆ ಹೋಗಿ ರಟ್ಟು ಕಿತ್ತದ್ದು. ಡಾ. ಶಿವರಾಂ ಅವರ 'ಮನಮಂಥನ'ವೂ ಇದೆ, 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ. ಅದೇ ಶಿವರಾಂ 'ರಾಶಿ' ಅನ್ನುವ ಹೆಸರಿನಲ್ಲಿ 'ಕೊರವಂಜಿ' ಪತ್ರಿಕೆ ನಡೆಸಿ ನಾಡನ್ನೆಲ್ಲ ನಗಿಸಿದವರು. ರೋಗಿಯ ಮನಸ್ಸನ್ನೂ ನೋಡುತ್ತಿದ್ದರು, ನಗೆಯನ್ನೂ ಬರೆಯುತ್ತಿದ್ದರು. ಈಗ ವೇದಿಕೆ ಹತ್ತುವ ನಾವೆಲ್ಲ ನಗುವುದು ಫೋಟೋಗೆ ಮಾತ್ರ.

ಜನವರಿ 10, ಶುಕ್ರವಾರ. ವೈಕುಂಠ ಏಕಾದಶಿ

ಅತ್ತೆಯ ಜೊತೆ ಒಂಟಿಕೊಪ್ಪಲು ವೆಂಕಟರಮಣಸ್ವಾಮಿ ದೇವಸ್ಥಾನ. ಸಾಲು ಬೀದಿ ತಿರುಗಿ ಎಲ್ಲಿಗೋ ಹೋಗಿತ್ತು. ವೈಕುಂಠದ ಬಾಗಿಲಿಗೆ ಎರಡೂಕಾಲು ಗಂಟೆ ಹಿಡಿಯಿತು.

ಸಾಲಿನಲ್ಲಿ ನಿಂತಾಗ ಎಂ.ವಿ. ಗೋಪಾಲಸ್ವಾಮಿ ನೆನಪಾದರು. ಇದೇ ಒಂಟಿಕೊಪ್ಪಲಿನಲ್ಲಿ ಅವರ ಮನೆ, ವಿಠ್ಠಲ ವಿಹಾರ. ನಾವೆಲ್ಲ ಮನಶ್ಶಾಸ್ತ್ರ ಓದಿದ್ದು ಅವರಿಂದಾಗಿಯೇ ಅನ್ನಬೇಕು. ಕಲ್ಕತ್ತದಲ್ಲಿ 1916ರಲ್ಲಿ ವಿಭಾಗ ತೆರೆದರು, ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಗೋಪಾಲಸ್ವಾಮಿ ತೆರೆದರು. ಅಷ್ಟಕ್ಕೇ ನಿಲ್ಲದೆ 1935ರಲ್ಲಿ ಈ ಮನೆಯಲ್ಲೇ 30 ವ್ಯಾಟಿನ ಯಂತ್ರ ಇಟ್ಟುಕೊಂಡು ರೇಡಿಯೋ ಶುರುಮಾಡಿದರು. ಸ್ವಂತ ದುಡ್ಡು, ಸ್ವಂತ ಹುಚ್ಚು. 'ಆಕಾಶವಾಣಿ' ಅಂತ ಹೆಸರು ಸೂಚಿಸಿದವರು ನಾ. ಕಸ್ತೂರಿ ಎನ್ನುತ್ತಾರೆ. 'ಅನರ್ಥಕೋಶ' ಬರೆದವರು! ಆಮೇಲೆ ದೇಶದ ರೇಡಿಯೋಗೇ ಆ ಹೆಸರು ಬಂತು. ಇಲ್ಲೂ ನೋಡು, ಮನಸ್ಸಿನ ಮೇಷ್ಟರ ಪಕ್ಕದಲ್ಲಿ ಒಬ್ಬ ನಗೆಗಾರ.

ಅವತ್ತು ಮೈಸೂರಿನಲ್ಲಿ ಎಷ್ಟು ಮನೆಯಲ್ಲಿ ರೇಡಿಯೋ ಇದ್ದೀತು? ಕೇಳುವವರು ಬೆರಳೆಣಿಕೆ, ಹೇಳುವವರಿಗೆ ಉತ್ಸಾಹ. ಈಗ ಎಲ್ಲರ ಜೇಬಿನಲ್ಲೂ ಯಂತ್ರ, ಎಲ್ಲರೂ ಹೇಳುವವರೇ. ನಾನೂ ಅವರಲ್ಲೊಬ್ಬಳು.

ಅತ್ತೆಗೆ ಈ ಕತೆ ಹೇಳಿದೆ. "ಆ ಪುಣ್ಯಾತ್ಮ ರೇಡಿಯೋದಲ್ಲಿ ಐದಕ್ಕೆ ಏಳಿ ಅಂದಿರಲ್ಲ ಬಿಡು" ಅಂದರು.

ಜನವರಿ 12, ಭಾನುವಾರ

ಬೆಳಿಗ್ಗೆ ಎರಡು ಭಾಷಣ, ಮಧ್ಯಾಹ್ನ ಒಂದು. ಮೂರನೆಯದು ನಂಜನಗೂಡು ರಸ್ತೆಯ ಒಂದು ಕಾಲೇಜು. ಭಾನುವಾರವಾದರೂ ಹಾಜರಿ ಕೊಡುತ್ತೇವೆಂದು ಎನ್‌ಎಸ್‌ಎಸ್ ಮಕ್ಕಳನ್ನು ಕರೆಸಿದ್ದರು. ಸ್ವಾಗತ, ಪರಿಚಯ, ದೀಪ, ಇನ್ನೊಂದು ಪರಿಚಯ ಎಲ್ಲ ಮುಗಿದು ನನ್ನ ಕೈಗೆ ಮೈಕು ಬಂದಾಗ ಮಕ್ಕಳ ಕಣ್ಣು ಗಡಿಯಾರದ ಮೇಲೆ.

ಪ್ರತಿ ವರ್ಷದ ಕತೆಯನ್ನೇ ಹೇಳಿದೆ. 1892ರಲ್ಲಿ ವಿವೇಕಾನಂದರು ಮೈಸೂರಿಗೆ ಬಂದಾಗ ಚಾಮರಾಜ ಒಡೆಯರು ಅವರ ದನಿಯನ್ನು ಫೋನೋಗ್ರಾಫಿನಲ್ಲಿ ಹಿಡಿಸಿಟ್ಟಿದ್ದು, ಕಾಲ ಕಳೆದಂತೆ ಆ ಮುದ್ರಣ ಮಾಸಿ ಕೇಳಿಸದಂತಾಗಿದ್ದು. "ದನಿ ಹೋದರೂ ಮಾತು ಉಳಿಯಿತು" ಅಂದೆ. ಚಪ್ಪಾಳೆ ಬಿತ್ತು. ಆ ವಾಕ್ಯಕ್ಕೆ ಎಲ್ಲ ಕಡೆಯೂ ಬೀಳುತ್ತದೆ. ಆಮೇಲೆ ಗುರಿ, ಶಿಸ್ತು, ದಿನಚರಿ. ಶಾಲು (44).

ಸೈಕಲ್ ಸ್ಟ್ಯಾಂಡಿನ ಹತ್ತಿರ ಒಬ್ಬಳು ಕಾಯುತ್ತಿದ್ದಳು. ಬಿ.ಕಾಂ. ಇರಬೇಕು, ಎಣ್ಣೆ ಹಾಕಿ ಬಿಗಿಯಾಗಿ ಹೆಣೆದ ಜಡೆ. ನೋಟ್‌ಬುಕ್ಕಿನಲ್ಲಿ ನಾನು ಹೇಳಿದ್ದನ್ನು ಒಂದೂ ಬಿಡದೆ ಬರೆದುಕೊಂಡಿದ್ದಾಳೆ, ತಲೆಬರಹಗಳಿಗೆ ಕೆಂಪು ಗೆರೆ ಬೇರೆ.

"ಮೇಡಂ, ನಮ್ಮಣ್ಣ ಎರಡು ತಿಂಗಳಿಂದ ರೂಮಿಂದ ಆಚೆ ಬರ್ತಿಲ್ಲ. ಸರಿಯಾಗಿ ಊಟ ಮಾಡಲ್ಲ. ಒಬ್ಬನೇ ಏನೋ ಮಾತಾಡ್ಕೋತಾನೆ. ಇದನ್ನ ಅವನಿಗೆ ಓದಿ ಹೇಳಿದ್ರೆ ಸರಿ ಹೋಗ್ತಾನಾ?"

ಪ್ರಾಂಶುಪಾಲರು ಪಕ್ಕದಲ್ಲೇ ಇದ್ದರು. "ಮೇಡಂಗೆ ಲೇಟಾಗುತ್ತಮ್ಮ" ಅಂದರು. ಅವಳು ಕದಲಲಿಲ್ಲ. ನಾನು ಅವಳನ್ನು ಕಟ್ಟೆಯ ಮೇಲೆ ಕೂರಿಸಿಕೊಂಡೆ. ಇಪ್ಪತ್ತು ನಿಮಿಷ ಅವಳೇ ಮಾತಾಡಿದಳು. ಮನೆಯಲ್ಲಿ ಗಾಳಿ ಸೋಕಿದೆ ಅಂತ ಎರಡು ಕಡೆ ತಾಯಿತ ಕಟ್ಟಿಸಿದ್ದಾರೆ. ಅಪ್ಪ ಸೋಮಾರಿ ಅಂತ ಬೈಯುತ್ತಾರೆ. ಸೋಮಾರಿತನದ ಮೇಲೆ ನಾನು ಬರೆದ ಅಂಕಣವೊಂದನ್ನು ಕತ್ತರಿಸಿ ಅವನ ಬಾಗಿಲಿಗೆ ಅಂಟಿಸಿದ್ದಾರಂತೆ.

ಅದನ್ನು ಕೇಳಿದ ಮೇಲೆ ನನಗೆ ಸ್ವಲ್ಪ ಹೊತ್ತು ಬಾಯಿ ಕಟ್ಟಿತು.

"ಇದು ಓದಿ ಹೇಳಿ ಹೋಗೋದಲ್ಲ ಪುಟ್ಟಾ, ಡಾಕ್ಟರಿಗೆ ತೋರಿಸಬೇಕು. ಮೊದಲು ಆ ಕಾಗದ ಕಿತ್ತುಹಾಕು" ಅಂದೆ. ಅವಳ ನೋಟ್‌ಬುಕ್ಕಿನಲ್ಲೇ 14416 ಅಂತ ಬರೆದುಕೊಟ್ಟೆ. ಟೆಲಿ ಮನಸ್ ಸಹಾಯವಾಣಿ, 2022ರಲ್ಲಿ ಶುರುವಾದದ್ದು, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನನ್ನ ನಂಬರನ್ನೂ ಬರೆದೆ.

ಎಂ.ಎ. ಮನಶ್ಶಾಸ್ತ್ರ ಓದಿದವಳು ನಾನು. ಹನ್ನೊಂದು ವರ್ಷದ ಅಂಕಣದಲ್ಲಿ ಆ ಐದು ಅಂಕಿಯನ್ನು ಒಮ್ಮೆಯೂ ಬರೆದಿರಲಿಲ್ಲ. ಕಾಯಿಲೆಯ ಮಾತು ಎತ್ತಿದರೆ ಓದುವವರ ಉತ್ಸಾಹ ಇಳಿಯುತ್ತದೆ ಅಂತ ಒಬ್ಬರು ಸಂಪಾದಕರು ಎಂದೋ ಹೇಳಿದ್ದರು. ನಾನೂ ಹೌದು ಅಂದಿದ್ದೆ.

ಜನವರಿ 14, ಮಂಗಳವಾರ. ಸಂಕ್ರಾಂತಿ

ಎಳ್ಳು ಬೀರಿ ಬಂದೆ. ಕೊಬ್ಬರಿ ಹೆಚ್ಚಿ ಹೆಬ್ಬೆರಳಿಗೆ ಬೊಬ್ಬೆ. ಫೋನು ಬಂದಾಗೆಲ್ಲ ಅವಳೇ ಇರಬಹುದು ಅಂತ ಓಡಿದೆ. ಅವಳಲ್ಲ.

ಜನವರಿ 16, ಗುರುವಾರ

ಸಂಜೆ ಫೋನು ಮಾಡಿದಳು. ಸಹಾಯವಾಣಿಗೆ ಮಾತಾಡಿದ್ದಾಳೆ. ಅಮ್ಮನ ಕೈಲೂ ಮಾತಾಡಿಸಿದ್ದಾಳೆ. ಮನೋವೈದ್ಯರಿಗೆ ತೋರಿಸಲೇಬೇಕು ಅಂದರಂತೆ. ಅಪ್ಪ ಒಪ್ಪಿಲ್ಲ, ಸೋದರಮಾವ ಒಪ್ಪಿದ್ದಾರೆ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಅಣ್ಣನನ್ನು ಕೆ.ಆರ್. ಆಸ್ಪತ್ರೆಗೆ ಕರೆತರುತ್ತಾರೆ.

"ಅಲ್ಲಿ ಎಲ್ಲಿ ಚೀಟಿ ಮಾಡಿಸೋದು, ಏನು ಹೇಳೋದು ಒಂದೂ ಗೊತ್ತಿಲ್ಲ ಮೇಡಂ" ಅಂದಳು. ಬನ್ನಿ ಅಂತ ಬಾಯಿಬಿಟ್ಟು ಕೇಳಲಿಲ್ಲ.

ನಾಳೆ ಹತ್ತು ಗಂಟೆಗೆ ನನ್ನದೊಂದು ಭಾಷಣ ಇತ್ತು, ವಿಷಯ 'ಸಮಯಪಾಲನೆ'. ಬರಲಾಗುವುದಿಲ್ಲ ಅಂತ ಫೋನು ಮಾಡಿದೆ. ಆಹ್ವಾನ ಪತ್ರಿಕೆ ಅಚ್ಚಾಗಿದೆ ಅಂತ ಸಿಟ್ಟಾದರು, ನ್ಯಾಯವೇ.

ಐದಕ್ಕೆ ಅಲಾರಂ ಇಟ್ಟಿದ್ದೇನೆ. ಅತ್ತೆಗೆ ಹೇಳಿಲ್ಲ.